ಕೊಂಬು ಹೆರೆದ ಊರಲ್ಲಿ ಕಾರಿಗೆ ಪಾಲಿಶ್

ಕಾರಹುಣ್ಣಿಮೆ ಇನ್ನೂ ನಾಲ್ಕು ದಿನ ಇರುವಾಗಲೇ ನಮ್ಮೂರು ಸವಡಿಯ ಮನೆಗಳ ಮುಂದೆ ಎತ್ತಿನ ಕೊಂಬು ಹೆರೆಯುವ ಕೆಲಸ ಶುರುವಾಗುತ್ತಿತ್ತು. ಒಬ್ಬರು ಮೂಗುದಾರ ಬಿಗಿಹಿಡಿದರೆ ಇನ್ನೊಬ್ಬರು ಹರಿತವಾದ ಚಾಕುವಿನಿಂದ ಕೊಂಬಿನ ಒರಟು ಸಿಪ್ಪೆಯನ್ನು ಸುರುಳಿ ಸುರುಳಿಯಾಗಿ ತೆಗೆಯುವರು. ಆಮೇಲೆ ಒಡೆದ ಗಾಜಿನ ಚೂರಿನಿಂದ ಕೆರೆದು ನಯ ಮಾಡುವುದು, ಕೊನೆಗೆ ಎಣ್ಣೆ ಸವರುವುದು. ಒಂದು ಸಣ್ಣ ಗೆರೆ ಉಳಿದುಬಿಟ್ಟರೆ ನಮಗೆ ಹುಡುಗರಿಗೆ ಸಮಾಧಾನವಿಲ್ಲ. "ಅಜ್ಜಾ, ಅಲ್ಲೆ ಇನ್ನೊಂಚೂರು ಹೆರಿ" ಅಂದರೆ ಅಜ್ಜ ಚಾಕು ಕೆಳಗಿಟ್ಟು, "ಸಾಕು ಬಿಡೋ ತಮ್ಮಾ, ಒಳಗ ಜೀವ ಐತಿ" ಅನ್ನುತ್ತಿದ್ದ. ಕೊಂಬಿನ ಹೊರಪದರ ನಮ್ಮ ಉಗುರಿನಂಥದ್ದು, ಅದರ ಒಳಗಿರುವುದು ರಕ್ತ ಹರಿಯುವ ಎಲುಬು. ಹೆಚ್ಚು ಹೆರೆದರೆ ಹೊಳಪಿನ ಬದಲು ನೆತ್ತರು ಬರುತ್ತದೆ.

ಕಾರಿಗೆ ಮಶೀನಿನಿಂದ ಪಾಲಿಶ್ ಮಾಡುವ ಕಸುಬನ್ನು ಇದಕ್ಕಿಂತ ಚೆನ್ನಾಗಿ ಪರಿಚಯಿಸುವ ದಾರಿ ನನಗೆ ಗೊತ್ತಿಲ್ಲ. ಇಂದಿನ ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇರುತ್ತದೆ. ಎಲ್ಲ ಪದರ ಸೇರಿಸಿದರೂ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕೆ ಒಂದು ಮೈಕ್ರಾನ್ ಎನ್ನುತ್ತಾರೆ. ಹೊಳೆಯುವುದು ಮೇಲಿನ ಕ್ಲಿಯರ್ ಕೋಟ್ ಮಾತ್ರ, ಅದು ಸುಮಾರು 40-50 ಮೈಕ್ರಾನ್. ತಲೆಗೂದಲಿಗಿಂತ ತೆಳು. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ. ಪಾಲಿಶ್ ಅಂದರೆ ಗೀರನ್ನು ತುಂಬುವುದಲ್ಲ, ಗೀರಿನ ತಳ ಸಿಗುವವರೆಗೆ ಸುತ್ತಲಿನ ಪದರವನ್ನು ಸವೆಸಿ ಸಮ ಮಾಡುವುದು. ಪ್ರತಿ ಸಲವೂ ಕೊಂಬು ಅಷ್ಟಷ್ಟು ಸಣ್ಣದಾದಂತೆಯೇ.

ನಮ್ಮ ಎರೆ ಸೀಮೆಯಲ್ಲಿ ಈ ಗೀರುಗಳು ಬೀಳುವುದು ಬಹುಪಾಲು ನಮ್ಮ ಕೈಯಿಂದಲೇ. ರೋಣ, ನರಗುಂದ, ಗಜೇಂದ್ರಗಡದ ರಸ್ತೆಗಳ ದೂಳು ರಾತ್ರಿ ಗಾಡಿಯ ಮೇಲೆ ಕೂತಿರುತ್ತದೆ. ಬೆಳಿಗ್ಗೆ ಎದ್ದವರೇ ಒಣ ಅರಿವೆಯಿಂದ ಬಾನೆಟ್ ಒರೆಸುತ್ತೇವೆ. ದೂಳಿನೊಳಗಿನ ಮರಳಿನ ಹರಳು ಬಣ್ಣಕ್ಕಿಂತ ಎಷ್ಟೋ ಗಟ್ಟಿ, ಹಾಗಾಗಿ ಒಂದೊಂದು ಒರೆತಕ್ಕೂ ನೂರು ಗೀರು. ಬಿಸಿಲಲ್ಲಿ ನಿಂತು ನೋಡಿದರೆ ಕರಿ ಕಾರಿನ ಮೇಲೆ ಜೇಡರ ಬಲೆಯಂತೆ ಸುತ್ತು ಗೆರೆಗಳು ಕಾಣುತ್ತವೆ. ಇದರ ಮೇಲೆ ಬೋರಿನ ಸವಳು ನೀರು. ಅದರಲ್ಲಿ ತೊಳೆದು ಹಾಗೇ ಬಿಸಿಲಿಗೆ ಬಿಟ್ಟರೆ ಹನಿ ಆರಿದ ಕಡೆಯೆಲ್ಲ ಬಿಳಿ ಕಲೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಮಶೀನ್ ಕೊಳ್ಳುವ ಮೊದಲು ಎರಡು ಬಕೆಟ್, ಶಾಂಪೂ, ನಾಲ್ಕು ಮೈಕ್ರೋಫೈಬರ್ ಬಟ್ಟೆ ಕೊಳ್ಳಿ. ಒಂದು ಬಕೆಟ್ ಶಾಂಪೂ ನೀರಿಗೆ, ಇನ್ನೊಂದು ಕೊಳೆಯಾದ ಬಟ್ಟೆ ಜಾಲಿಸಲಿಕ್ಕೆ. ತೊಳೆಯುವುದನ್ನು ಸರಿಪಡಿಸದೆ ಪಾಲಿಶ್ ಮಾಡಿದರೆ ಹದಿನೈದೇ ದಿನಕ್ಕೆ ಗೀರುಗಳು ವಾಪಸಾಗುತ್ತವೆ, ಸವೆದ ಕ್ಲಿಯರ್ ಕೋಟ್ ಮಾತ್ರ ವಾಪಸಾಗುವುದಿಲ್ಲ.

ಈ ಕಸುಬಿನ ಮಾತುಗಳು ನಮ್ಮ ಡೆಂಟಿಂಗ್-ಪೇಂಟಿಂಗ್ ಶೆಡ್ಡುಗಳಲ್ಲಿ ಬಹಳ ದಿನಗಳಿಂದ ಓಡಾಡುತ್ತಿವೆ. ತಿಜೋರಿಗೂ ಕಾರಿಗೂ ಹೊಡೆಯುವ ಬಣ್ಣಕ್ಕೆ ನಾವು 'ಡ್ಯೂಕೋ' ಎನ್ನುತ್ತೇವಲ್ಲ, ಅದು ಅಮೆರಿಕದ ಡುಪಾಂಟ್ ಕಂಪನಿ 1920ರ ದಶಕದಲ್ಲಿ ಮಾರುಕಟ್ಟೆಗೆ ಬಿಟ್ಟ ಬಣ್ಣದ ಹೆಸರು. ಅಲ್ಲಿಯವರೆಗೆ ಒಂದು ಕಾರಿಗೆ ಬಣ್ಣ ಬಳಿದು ಒಣಗಿಸಲು ವಾರಗಟ್ಟಲೆ ಬೇಕಾಗುತ್ತಿತ್ತು, ಡ್ಯೂಕೋ ಬೇಗ ಒಣಗುತ್ತಿತ್ತು. ಪೇಂಟರುಗಳು 'ವಾಟರ್ ಪೇಪರ್' ಎಂದು ಕರೆಯುವ, ನೀರಲ್ಲಿ ನೆನೆಸಿ ಉಜ್ಜುವ ಕಾಗದವನ್ನು 3ಎಂ ಕಂಪನಿ ತಂದದ್ದು 1921ರಲ್ಲಿ. ಒಣ ಕಾಗದದ ದೂಳಿನಿಂದ ಕೆಲಸಗಾರರ ಎದೆಗೆ ಆಗುತ್ತಿದ್ದ ತೊಂದರೆ ಅದರಿಂದ ಎಷ್ಟೋ ತಗ್ಗಿತು. ಒರಟಿನಿಂದ ಶುರುಮಾಡಿ ನಯಕ್ಕೆ ಬರುವ ಕ್ರಮವಂತೂ ನಮ್ಮ ಭಾಗಕ್ಕೆ ಹೊಸದಲ್ಲ. ಲಕ್ಕುಂಡಿಯಲ್ಲೋ ಡಂಬಳದಲ್ಲೋ 1112ರ ಇಟಗಿಯ ಮಹಾದೇವ ದೇವಾಲಯದಲ್ಲೋ ಕಡೆದ ಕಂಬದ ಮೇಲೆ ಒಮ್ಮೆ ಕೈಯಾಡಿಸಿ ನೋಡಿ.

ಇನ್ನು ಮಶೀನಿನ ಮಾತು. ಹೊಸಬರು ಮಾಡುವ ದೊಡ್ಡ ತಪ್ಪು ಮನೆಯಲ್ಲಿರುವ ಕಟಿಂಗ್ ಗ್ರೈಂಡರಿಗೆ ಪಾಲಿಶ್ ಪ್ಯಾಡ್ ತಿರುಗಿಸಿ ಹಾಕುವುದು. ಟೈಲ್ಸ್, ಕಬ್ಬಿಣ ಕೊಯ್ಯುವ ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಪಾಲಿಶಿಗೆ ಬೇಕಾದದ್ದು ಅದರ ಆರೇಳರಲ್ಲಿ ಒಂದು ಭಾಗ, ಕೆಲವೊಮ್ಮೆ ಇನ್ನೂ ಕಡಿಮೆ. ಗ್ರೈಂಡರಿನ ಪ್ಯಾಡ್ ಬಾನೆಟ್ಟಿನ ಅಂಚಿಗೆ ತಾಗಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಣ್ಣ ಸುಟ್ಟು ಪ್ರೈಮರ್ ಇಣುಕುತ್ತದೆ. ನಾನೂ ಒಮ್ಮೆ ಎರವಲು ತಂದ ಗ್ರೈಂಡರಿನಿಂದ ಮನೆಯ ಹಳೆಯ ಕಾರಿನ ಬಾಗಿಲಂಚು ಸುಟ್ಟಿದ್ದೇನೆ. ರೂಪಾಯಿ ನಾಣ್ಯದಷ್ಟು ಬೂದುಬಣ್ಣದ ಆ ಮಚ್ಚೆ ಕಾರು ಮಾರುವವರೆಗೂ ದಿನಾ ಕಣ್ಣಿಗೆ ಬೀಳುತ್ತಿತ್ತು.

ಅಂಗಡಿಯಲ್ಲಿ ಪಾಲಿಶ್ ಮಶೀನ್ ಕೇಳಿದರೆ ಮೊದಲು ಎದುರಿಗೆ ಬರುವುದು ರೋಟರಿ. ಅದು ಗ್ರೈಂಡರಿನದೇ ಬಳಗ, ವೇಗ ಮಾತ್ರ 600ರಿಂದ 3,000 ಸುತ್ತಿನ ಆಸುಪಾಸು, ಹೆಚ್ಚುಕಮ್ಮಿ ಮಾಡಬಹುದು. ಕೋನ ಗ್ರೈಂಡರನ್ನು 1954ರಲ್ಲಿ ರೂಪಿಸಿದ ಜರ್ಮನಿಯ ಫ್ಲೆಕ್ಸ್ ಕಂಪನಿ ಇಂದು ಪಾಲಿಶ್ ಮಶೀನುಗಳಿಗೂ ಹೆಸರುವಾಸಿ. ರೋಟರಿಯ ಪ್ಯಾಡ್ ಒಂದೇ ಅಚ್ಚಿನ ಮೇಲೆ ಬಿಡದೆ ತಿರುಗುತ್ತದೆ. ಪಳಗಿದ ಪೇಂಟರನ ಕೈಯಲ್ಲಿ ಅದರಷ್ಟು ಬೇಗ ಕೆಲಸ ಮುಗಿಸುವ ಮಶೀನ್ ಬೇರೊಂದಿಲ್ಲ. ಕೈ ಪಳಗದಿದ್ದರೆ ಒಂದೇ ಜಾಗದಲ್ಲಿ ಬಿಸಿ ಏರುತ್ತದೆ, ಬಿಸಿಲು ಬಿದ್ದಾಗ ನವಿಲುಗರಿಯಂತೆ ಮಿನುಗುವ ಗೆರೆಗಳ ಸಾಲು ಉಳಿಯುತ್ತದೆ.

ಹೊಸಬರಿಗೆ ಸರಿಯಾದದ್ದು ಡ್ಯುಯಲ್ ಆ್ಯಕ್ಷನ್, ಕಸುಬಿನವರ ಬಾಯಲ್ಲಿ 'ಡಿಎ'. ಬೀಸುವ ಕಲ್ಲಿನ ಗೂಟ ನಟ್ಟನಡುವೆ ಇರದೆ ಒಂದು ಬದಿಗೆ ಇರುತ್ತದಲ್ಲ, ಡಿಎ ಮಶೀನಿನ ಅಚ್ಚೂ ಹಾಗೆ ಸ್ವಲ್ಪ ಓರೆಗೆ ಕೂತಿರುತ್ತದೆ. ಪ್ಯಾಡ್ ಸಣ್ಣ ಸಣ್ಣ ಸುತ್ತು ಹಾಕುತ್ತಲೇ ತನ್ನಷ್ಟಕ್ಕೆ ತಾನೂ ನಿಧಾನ ತಿರುಗುತ್ತದೆ. ಜೋರಾಗಿ ಒತ್ತಿದರೆ, ಅಂಚಿಗೆ ಸಿಕ್ಕಿದರೆ ಆ ತಿರುಗುವುದು ನಿಂತುಬಿಡುತ್ತದೆ, ಅಲುಗಾಟವಷ್ಟೇ ಉಳಿಯುತ್ತದೆ. ಕೈ ತಪ್ಪಿದರೂ ಬಣ್ಣ ಉಳಿಸುವ ಗುಣ ಇದು. ಪ್ಯಾಡ್ ಕೂರಿಸುವ ತಟ್ಟೆಯ ಅಂಚಿಗೆ ಮಾರ್ಕರಿನಿಂದ ಒಂದು ಗೆರೆ ಎಳೆದಿಟ್ಟುಕೊಂಡರೆ ಪ್ಯಾಡ್ ತಿರುಗುತ್ತಿದೆಯೋ ನಿಂತಿದೆಯೋ ಕೆಲಸದ ನಡುವೆಯೂ ತಿಳಿಯುತ್ತದೆ. ಗೇರಿನಿಂದ ಬಲವಂತವಾಗಿ ತಿರುಗಿಸುವ ಡಿಎ ಕೂಡ ಉಂಟು, ಅದು ಕೈ ಕೂತ ಮೇಲಿನ ಮಾತು.

ಕೊಳ್ಳುವಾಗ ಕೇಳಬೇಕಾದ ಮೊದಲ ಸಂಖ್ಯೆ ವಾಟ್ ಅಲ್ಲ, 'ಥ್ರೋ'. ಪ್ಯಾಡ್ ಹಾಕುವ ಸುತ್ತು ಎಷ್ಟು ಅಗಲ ಎಂಬುದು ಅದರ ಅರ್ಥ. 8 ಮಿಲಿಮೀಟರ್, 15, 21 ಹೀಗೆ ಬರುತ್ತವೆ. 21 ಮಿಲಿಮೀಟರಿನದು ದೊಡ್ಡ ಎಸ್‌ಯುವಿಗಳ ಅಗಲ ಬಾಗಿಲಿಗೆ ಹೇಳಿಮಾಡಿಸಿದ್ದು, ಉಬ್ಬುತಗ್ಗಿನ ಮೇಲೆ ಪದೇ ಪದೇ ನಿಲ್ಲುತ್ತದೆ. ನಮ್ಮ ಊರುಗಳ ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್‌ಗಳಿಗೆ 8 ಇಲ್ಲವೇ 15 ಸಾಕು. ಒಂದನ್ನೇ ಹೇಳಿ ಅಂದರೆ ಐದಿಂಚಿನ ತಟ್ಟೆಯ, 15 ಮಿಲಿಮೀಟರ್ ಥ್ರೋದ, ಎರಡೂವರೆ ಕಿಲೋ ಒಳಗೆ ತೂಗುವ ಮಶೀನ್ ಎನ್ನುತ್ತೇನೆ. ಗುಂಡಿ ಒತ್ತಿದೊಡನೆ ಜಿಗಿಯದೆ ನಿಧಾನ ಏರಬೇಕು, ವೇಗ ಬದಲಿಸುವ ಚಕ್ರ ಹೆಬ್ಬೆರಳಿಗೆ ಸಿಗಬೇಕು. ಹೊರದೇಶದಿಂದ ಯಾರೋ ತಂದುಕೊಟ್ಟ ಅಮೆರಿಕದ ಮಶೀನಾದರೆ ಅದು 120 ವೋಲ್ಟಿನದಿರಬಹುದು, ನಮ್ಮ 230ಕ್ಕೆ ನೇರ ಚುಚ್ಚಿದರೆ ಅಂದೇ ಸುಟ್ಟುಹೋಗುತ್ತದೆ. ಹುಬ್ಬಳ್ಳಿಯಲ್ಲಿ ಕೊಳ್ಳುವುದಾದರೆ ಅದೇ ಅಂಗಡಿಯಲ್ಲಿ ಕಾರ್ಬನ್ ಬ್ರಷ್ ಮತ್ತು ಹೆಚ್ಚಿನ ತಟ್ಟೆ ಸಿಗುತ್ತದೆಯೇ ಎಂದು ಕೇಳಿಯೇ ದುಡ್ಡು ಎಣಿಸಿ. ಸವಡಿಯಿಂದ ಒಂದು ಬ್ರಷ್ಷಿಗಾಗಿ ಮತ್ತೆ ಬಸ್ ಹತ್ತುವುದು ಒಂದಿಡೀ ದಿನದ ಕೆಲಸ.

ಆದರೆ ನನ್ನ ಮಾತು ಕೇಳುವುದಾದರೆ, ಮಶೀನಿಗೆ ಇಟ್ಟ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಪ್ಯಾಡಿಗೆ ಹಾಕಿ. ಬಣ್ಣವನ್ನು ಮುಟ್ಟುವುದು ಮಶೀನಲ್ಲ, ಪ್ಯಾಡು. ಕುರಿ ಉಣ್ಣೆಯ ಪ್ಯಾಡ್ ಎಲ್ಲಕ್ಕಿಂತ ಬೇಗ ಸವೆಸುತ್ತದೆ, ಅದು ರೋಟರಿಯವರ ಆಸ್ತಿ. ಮೈಕ್ರೋಫೈಬರ್ ಪ್ಯಾಡ್ ಡಿಎಗೂ ಒಗ್ಗುತ್ತದೆ, ಜೋರಾಗಿಯೇ ಕೊಯ್ಯುತ್ತದೆ, ಹಿಂದೆ ತುಸು ಮಬ್ಬು ಬಿಡುತ್ತದೆ. ಕಲಿಯುವವರು ಹಿಡಿಯಬೇಕಾದದ್ದು ಫೋಮ್. ಅದರಲ್ಲಿ ಗಟ್ಟಿ, ಮಧ್ಯಮ, ಮೆದು ಎಂದು ಮೂರು ಬಗೆ. ಬಣ್ಣ ನೋಡಿ ಕೊಳ್ಳಬೇಡಿ. ಒಂದು ಕಂಪನಿಯ ಹಳದಿ ಗಟ್ಟಿಯಾದರೆ ಇನ್ನೊಂದರ ಹಳದಿ ಮೆದು, ಎಲ್ಲರೂ ಒಪ್ಪಿದ ನಿಯಮ ಯಾವುದೂ ಇಲ್ಲ. ಬೆರಳಿನಿಂದ ಒತ್ತಿ ನೋಡಿ, ಚೀಟಿ ಓದಿ. ಐದಿಂಚಿನ ತಟ್ಟೆಗೆ ಐದೂವರೆ ಇಂಚಿನ ಪ್ಯಾಡ್ ಇರಲಿ, ತಟ್ಟೆಯ ಅಂಚು ಬಣ್ಣಕ್ಕೆ ತಾಗದಂತೆ ಸುತ್ತ ಫೋಮಿನ ಅಂಚು ಹೊರಗಿರಬೇಕು. ದಪ್ಪ ಪ್ಯಾಡ್ ಮೆತ್ತಗೆ ಚೆಂದ ಕಾಣುತ್ತದೆ, ಆದರೆ ಮಶೀನಿನ ಅಲುಗಾಟವನ್ನೆಲ್ಲ ತಾನೇ ನುಂಗುತ್ತದೆ. ಇಂಚಿನಷ್ಟು ದಪ್ಪದ್ದು ಸಾಕು. ನಡುವೆ ತೂತಿದ್ದರೆ ಒಳ್ಳೆಯದು, ಬಿಸಿ ಅಲ್ಲೇ ಹೆಚ್ಚು ಕೂಡುವುದು.

ಒಂದು ಕಾರಿಗೆ ಮಧ್ಯಮ ಪ್ಯಾಡ್ ಕಡಿಮೆಯೆಂದರೂ ನಾಲ್ಕು ಬೇಕು, ಮೆದು ಎರಡು, ಗಟ್ಟಿ ಒಂದು. ಕಲಿಯುವವರು ಒಂದೇ ಪ್ಯಾಡಿನಲ್ಲಿ ಇಡೀ ಕಾರು ಮುಗಿಸಲು ಹೋಗುತ್ತಾರೆ. ಸವೆದ ಕ್ಲಿಯರ್ ಕೋಟಿನ ಪುಡಿ, ಒಣಗಿದ ಪಾಲಿಶ್ ಎರಡೂ ಫೋಮಿನಲ್ಲಿ ಕೂತು ಪ್ಯಾಡ್ ಗಟ್ಟಿಯಾಗುತ್ತದೆ, ಬಿಸಿ ಹಿಡಿಯುತ್ತದೆ, ಹಿಂಬದಿಯ ವೆಲ್ಕ್ರೋ ಅಂಟು ಕರಗಿ ಪ್ಯಾಡ್ ಹಾರಿಹೋಗುತ್ತದೆ. ಒಂದೊಂದು ಭಾಗ ಮುಗಿದಂತೆ ಬ್ರಷ್ಷಿನಿಂದ ಪ್ಯಾಡನ್ನು ಉಜ್ಜಿ, ಎರಡು ಭಾಗಕ್ಕೊಮ್ಮೆ ಬದಲಿಸಿ. ಬಂಪರಿಗೆ, ಹಿಡಿಕೆಯ ಸುತ್ತ, ಕನ್ನಡಿಗೆ ಮೂರಿಂಚಿನ ತಟ್ಟೆಯೊಂದನ್ನು ಆಮೇಲೆ ಕೊಂಡರಾಯಿತು. ಬಂಪರ್ ಪ್ಲಾಸ್ಟಿಕ್ಕು, ತಗಡಿನಂತೆ ಬಿಸಿಯನ್ನು ಹರಡಿ ಕಳೆಯುವುದಿಲ್ಲ, ಅಲ್ಲಿ ವೇಗ ಇಳಿಸಿಯೇ ಇರಿ.

ಕೆಲಸದ ಕ್ರಮ ಹೇಳಲು ಸುಲಭ. ತೊಳೆದು, ಜೇಡಿಮಣ್ಣಿನಂಥ ಕ್ಲೇ ಬಾರ್ ಆಡಿಸಿ ಕಚ್ಚಿಕೊಂಡ ಕಸ ತೆಗೆದು, ರಬ್ಬರ್ ಪಟ್ಟಿ ಮತ್ತು ಮೂಲೆಗಳಿಗೆ ಟೇಪ್ ಹಚ್ಚಿ. ಒಂದೂವರೆ ಅಡಿ ಚೌಕ ಗುರುತು ಮಾಡಿ, ಪ್ಯಾಡಿನ ಮೇಲೆ ಬಟಾಣಿ ಕಾಳಿನಷ್ಟು ನಾಲ್ಕು ಹನಿ ಪಾಲಿಶ್ ಇಟ್ಟು, ಮಶೀನ್ ಶುರು ಮಾಡುವ ಮೊದಲೇ ಪ್ಯಾಡನ್ನು ಬಣ್ಣದ ಮೇಲೆ ಊರಿ. ಇಲ್ಲವಾದರೆ ಗೋಡೆಗೆಲ್ಲ ಸಿಡಿಯುತ್ತದೆ. ಆರು ಹಂತದ ಚಕ್ರವಿದ್ದರೆ ಒಂದರಲ್ಲಿ ಹರಡಿ, ನಾಲ್ಕು ಐದರಲ್ಲಿ ಉಜ್ಜಿ. ಕೈ ಎಷ್ಟು ನಿಧಾನ ಎಂದರೆ ಸೆಕೆಂಡಿಗೆ ಒಂದಿಂಚು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಒಂದು ಸಾಲಿನ ಅರ್ಧವನ್ನು ಇನ್ನೊಂದು ಮುಚ್ಚುವಂತೆ, ಒಟ್ಟು ನಾಲ್ಕೈದು ಸಲ. ಹೊಲದಲ್ಲಿ ಕುಂಟೆ ಹೊಡೆದವರಿಗೆ ಇದನ್ನು ಎರಡನೆಯ ಸಲ ಹೇಳಬೇಕಿಲ್ಲ.

ಮೊದಲ ಚೌಕವನ್ನು ಮೆದು ಪ್ಯಾಡ್, ನಯವಾದ ಪಾಲಿಶಿನಿಂದಲೇ ಮಾಡಿ. ಗೀರು ಹೋಗದಿದ್ದರೆ ಮಾತ್ರ ಮಧ್ಯಮಕ್ಕೆ ಹೋಗಿ. ಉಗುರು ಆಡಿಸಿದಾಗ ತಡೆಯುವ ಗೀರನ್ನು ಮಾತ್ರ ಬಿಟ್ಟುಬಿಡಿ, ಅದರ ತಳ ಹುಡುಕಿದರೆ ಅಜ್ಜ ಹೇಳಿದ ಜೀವಕ್ಕೇ ಕೈ ಹಾಕಿದಂತೆ. ಒರೆಸಿದ ಬಟ್ಟೆಯಲ್ಲಿ ಕಾರಿನ ಬಣ್ಣ ಬಂದರೆ ಹೌಹಾರಬೇಡಿ, ಹಳೆಯ ಗಾಡಿಗಳಲ್ಲಿ ಕ್ಲಿಯರ್ ಕೋಟೇ ಇರುವುದಿಲ್ಲ. ಹೊಸ ಗಾಡಿಯಲ್ಲಿ ಹಾಗೆ ಬಂದರೆ ಕೂಡಲೇ ಮಶೀನ್ ನಿಲ್ಲಿಸಿ. ಇನ್ನೊಂದು ಮಾತು: ಕೆಲವು ಪಾಲಿಶಿನಲ್ಲಿರುವ ಎಣ್ಣೆ ಗೀರನ್ನು ತಾತ್ಕಾಲಿಕ ಮುಚ್ಚುತ್ತದೆ, ನಾಲ್ಕು ತೊಳೆತಕ್ಕೆ ಗೀರು ಮತ್ತೆ ಎದ್ದು ಕಾಣುತ್ತದೆ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ನೋಡಿದರೆ ನಿಜ ಗೊತ್ತಾಗುತ್ತದೆ. ದುಡ್ಡು ಇಸಿದುಕೊಂಡು ಮಾಡುವವರು ಈ ಪರೀಕ್ಷೆಯನ್ನು ಗಿರಾಕಿಯ ಎದುರಿಗೇ ಮಾಡಬೇಕು.

ನಮ್ಮ ಸೀಮೆಯ ಹವಾ ಕೂಡ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್-ಮೇ ಬಿಸಿಲಿಗೆ ಬಾನೆಟ್ಟಿನ ಮೇಲೆ ಕೈ ಇಡಲಾಗದು, ಪಾಲಿಶ್ ಹಚ್ಚಿದ ಕ್ಷಣಕ್ಕೇ ಒಣಗಿ ಪುಡಿಯಾಗುತ್ತದೆ. ಬೆಳಗಿನ ಜಾವ ನೆರಳಲ್ಲಿ ಮಾಡಿ. ಗಜೇಂದ್ರಗಡದ ಗುಡ್ಡದ ಗಾಳಿಯಂತ್ರ ತಿರುಗಿಸುವ ಆಷಾಢದ ಗಾಳಿ ಪ್ಯಾಡಿನ ಕೆಳಗೆ ಒಂದು ಹರಳು ತಂದಿಟ್ಟರೂ ಬೆಳಗಿನಿಂದ ಮಾಡಿದ ಕೆಲಸ ಹಾಳು, ಆ ತಿಂಗಳು ಬಾಗಿಲು ಹಾಕಿದ ಶೆಡ್ಡೇ ಬೇಕು. ಕರೆಂಟಿನ ವೋಲ್ಟೇಜ್ ಇಳಿದಾಗ ಮಶೀನ್ ಏದುಸಿರು ಬಿಡುತ್ತದೆ, ಅದಕ್ಕೆ ತೆಳು ವೈರಿನ ಉದ್ದ ಎಕ್ಸ್‌ಟೆನ್ಶನ್ ಸೇರಿದರೆ ಮೋಟರ್ ಬಿಸಿಯಾಗುತ್ತದೆ. ವೈರನ್ನು ಹೆಗಲ ಮೇಲೆ ಹಾಕಿಕೊಂಡಿರಿ, ನೆಲದಲ್ಲಿ ಬಿದ್ದದ್ದು ಪ್ಯಾಡಿಗೆ ಸುತ್ತಿಕೊಳ್ಳುತ್ತದೆ.

ಕಲಿಯಲಿಕ್ಕೆ ಸ್ವಂತ ಕಾರು ಬೇಡ, ಅಣ್ಣನದಂತೂ ಬೇಡವೇ ಬೇಡ. ಗುಜರಿಯಲ್ಲಿ ಒಂದು ಹಳೆಯ ಬಾನೆಟ್ ತನ್ನಿ, ಕರಿಯದಾದರೆ ಇನ್ನೂ ಒಳ್ಳೆಯದು, ತಪ್ಪೆಲ್ಲ ಕಾಣುತ್ತದೆ. ನಡುವೆ ಟೇಪ್ ಹಚ್ಚಿ ಒಂದು ಬದಿ ಮಾತ್ರ ಉಜ್ಜಿ. ಟೇಪ್ ಕಿತ್ತು ಬಿಸಿಲಿಗೆ ಹಿಡಿದರೆ ಎರಡೂ ಬದಿಯ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಆಮೇಲೆ ಬೇಕೆಂದೇ ಅಂಚಿನ ಮೇಲೆ ಪ್ಯಾಡ್ ನಿಲ್ಲಿಸಿ, ಎಷ್ಟು ಹೊತ್ತಿಗೆ ಬಣ್ಣ ಹೋಗುತ್ತದೆಂದು ಒಂದು ಸಲ ನೋಡಿಬಿಡಿ. ಸಂಜೆ ಪ್ಯಾಡುಗಳನ್ನು ಸಿಹಿನೀರಿನಲ್ಲಿ ಹಿಂಡಿ, ಫೋಮಿನ ಬದಿ ಕೆಳಗಾಗುವಂತೆ ನೆರಳಿನ ಕಟ್ಟೆಯ ಮೇಲೆ ಒಣಗಲು ಇಡಿ. ನೀರು ವೆಲ್ಕ್ರೋ ಕಡೆಗೆ ಇಳಿಯಬಾರದು.