ಹೂರಣ ಹೊಕ್ಕ ದಾರಿ

ಮೊದಲ ತುತ್ತಿಗೇ ಒಳಗಿದ್ದ ಹಳದಿ ಕ್ರೀಮು ಚಿಮ್ಮಿ ನನ್ನ ಶಾಲಿನ ಮೇಲೆ ಬಿತ್ತು. ಫ್ಲಾರೆನ್ಸ್ ನಗರದ ಒಂದು ಸಿಹಿತಿಂಡಿ ಅಂಗಡಿ; ಇಟಲಿಯವರ ಬಾಯಲ್ಲಿ ಪಾಸ್ತಿಚ್ಚೆರಿಯಾ. ಗಲ್ಲಾದಲ್ಲಿ ದುಡ್ಡು ಕೊಟ್ಟು, ಚೀಟಿ ತೋರಿಸಿ, ನಿಂತೇ ತಿಂದು ಹೊರಡುವುದು ಅಲ್ಲಿನ ಬೆಳಗಿನ ರೂಢಿ. ದರ್ಶಿನಿಗಳಲ್ಲಿ ಪಳಗಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ತಿನ್ನುವುದನ್ನು ಮಾತ್ರ ಹೇಳಿಕೊಡಬೇಕಿತ್ತು.

“ಚಿಕ್ಕಮ್ಮ, ತೂತಿರೋ ಕಡೆಯಿಂದ ಕಚ್ಚಬೇಕಿತ್ತು,” ಎಂದು ಅಲ್ಲೇ ಓದುತ್ತಿರುವ ಅಕ್ಕನ ಮಗಳು ನಕ್ಕಳು.

“ತೂತೆಲ್ಲಿದೆಯೇ ಇದಕ್ಕೆ?”

ತಿರುಗಿಸಿ ತೋರಿಸಿದಳು. ಅಂಗೈ ತುಂಬುವ ಗುಂಡನೆಯ, ಕರಿದ ಬನ್ನು. ಮೈಯೆಲ್ಲ ಸಕ್ಕರೆ. ಹೆಸರು ಬೊಂಬೊಲೋನೆ, ಎರಡಾದರೆ ಬೊಂಬೊಲೋನಿ. ನಡುವಿಗೆ ಉಡಿದಾರ ಕಟ್ಟಿದ ಹಾಗೆ ಸುತ್ತಲೂ ಒಂದು ಬಿಳಿಚಿದ ಪಟ್ಟಿ, ಆ ಪಟ್ಟಿಯ ಮೇಲೆ ಪೆನ್ಸಿಲ್ ತೂರುವಷ್ಟು ಒಂದು ತೂತು.

ಅದನ್ನು ನೋಡುವವರೆಗೂ ನನಗೆ ಒಂದು ಒಗಟು ಬಿಡಿಸಲಾಗಿರಲಿಲ್ಲ. ಕರ್ಜಿಕಾಯಿ, ಸುಕ್ಕಿನುಂಡೆ ಕರಿದ ಯಾರಿಗಾದರೂ ಗೊತ್ತು: ಹೂರಣ ಗಟ್ಟಿಯಾಗಿರಬೇಕು. ಒಂಚೂರು ನೀರಾದರೂ ಒಳಗೆ ಆವಿ ಉಬ್ಬಿ, ಕಣಕ ಬಿರಿದು, ಎಣ್ಣೆ ಸಿಡಿದು ರಾದ್ಧಾಂತ. ಇವರದ್ದೋ ಹಾಲು, ಮೊಟ್ಟೆಯ ಹಳದಿ, ಸಕ್ಕರೆ, ಚೂರು ಹಿಟ್ಟು, ನಿಂಬೆ ಸಿಪ್ಪೆ ಸೇರಿಸಿ ಕಾಯಿಸಿದ ತೆಳ್ಳನೆಯ ಕ್ರೀಮು. ಕಾದ ಎಣ್ಣೆಯಲ್ಲಿ ಇದು ಹೇಗೆ ಉಳಿಯಿತು? ಉಳಿಯಲೇ ಇಲ್ಲ, ಏಕೆಂದರೆ ಎಣ್ಣೆಗೆ ಇಳಿಯಲೇ ಇಲ್ಲ. ಮೊದಲು ಕರಿಯುವುದು, ಆಮೇಲೆ ಕೊಳವೆ ಚುಚ್ಚಿ ತುಂಬುವುದು. ಕಟ್ಟೆಯ ಹಿಂದೆ ಹುಡುಗಿಯೊಬ್ಬಳು ಅದನ್ನೇ ಮಾಡುತ್ತಿದ್ದಳು. ಒಂದು ಒತ್ತು, ಬನ್ನು ಅವಳ ಕೈಯಲ್ಲೇ ಉಸಿರೆಳೆದುಕೊಂಡಂತೆ ಉಬ್ಬುತ್ತಿತ್ತು.

ಉಡಿದಾರದ ಗುಟ್ಟೂ ಅಲ್ಲೇ ಗೊತ್ತಾಯಿತು. ಮೈದಾ, ಮೊಟ್ಟೆ, ಬೆಣ್ಣೆ, ಹಾಲು ಸೇರಿಸಿ ನಾದಿದ ಹಿಟ್ಟು ಯೀಸ್ಟಿನಿಂದ ಚೆನ್ನಾಗಿ ಹುದುಗಿದ್ದರೆ ಹಗುರವಾಗಿರುತ್ತದೆ. 170-180 ಡಿಗ್ರಿಯ ಎಣ್ಣೆಯಲ್ಲಿ ಅರ್ಧವೂ ಮುಳುಗದೆ ತೇಲುತ್ತದೆ. ಕೆಳಗಿನ ಮೈ ಕೆಂಪಾದ ಮೇಲೆ ಮಗುಚಿದರೆ ಇನ್ನೊಂದು ಮೈ ಕೆಂಪಾಗುತ್ತದೆ. ನಡುವಿನ ಪಟ್ಟಿಗೆ ಎರಡು ಸಲವೂ ಎಣ್ಣೆ ಸೋಕುವುದಿಲ್ಲ. ವಿಯೆನ್ನಾದವರು ಈ ಪಟ್ಟಿಗೆ ರಾನ್‌ಫ್ಟಲ್ ಎಂದು ಹೆಸರನ್ನೇ ಇಟ್ಟಿದ್ದಾರೆ. ಅದಿಲ್ಲದಿದ್ದರೆ ಹಿಟ್ಟು ಸರಿಯಾಗಿ ಹುದುಗಿಲ್ಲ ಎಂದು ಮೂಗು ಮುರಿಯುತ್ತಾರೆ.

ವಿಯೆನ್ನಾ ಸುಮ್ಮನೆ ನಡುವೆ ಬರಲಿಲ್ಲ. ಈ ತಿಂಡಿಯನ್ನು ಕಂಡುಹಿಡಿದವರು ಯಾರು ಎಂದರೆ ಆ ಊರಿನವರು ಸೆಸಿಲಿ ಕ್ರಾಪ್ಫ್ ಎಂಬ ಅಡುಗೆಯವಳ ಕತೆ ಹೇಳುತ್ತಾರೆ. 1690ರ ಸುಮಾರಿಗೆ ಸಿಟ್ಟಿನಲ್ಲಿ ಅವಳು ಎಸೆದ ಹಿಟ್ಟಿನುಂಡೆ ಕಾದ ಕೊಬ್ಬಿಗೆ ಬಿತ್ತಂತೆ, ಅವಳ ಹೆಸರೇ ತಿಂಡಿಗೆ ಉಳಿದು ಕ್ರಾಪ್ಫೆನ್ ಆಯಿತಂತೆ. ಬರ್ಲಿನ್‌ನವರದ್ದು ಬೇರೆ ಕತೆ: ಫಿರಂಗಿ ಹಾರಿಸಲು ಬಾರದೆ ಪಡೆಯ ಅಡುಗೆಗೆ ನಿಂತ ಬೇಕರಿಯವನು ಗುಂಡಿನಾಕಾರದಲ್ಲಿ ಇದನ್ನು ಕರಿದನಂತೆ. ಎರಡೂ ಕೇಳಲು ಸೊಗಸು, ಎರಡನ್ನೂ ನಾನು ನಂಬುವುದಿಲ್ಲ. ಕೊಕ್ಕೆ ಎಂಬ ಅರ್ಥದ ‘ಕ್ರಾಪ್ಫೊ’ ಹಳೆಯ ಜರ್ಮನ್ ಮಾತು. ಕೊಕ್ಕೆಯಂತೆ ಬಾಗಿದ ತಿಂಡಿಗೆ ಆ ಹೆಸರು ಬಂದು ಎಷ್ಟೋ ಶತಮಾನಗಳಾದ ಮೇಲೆ ಸೆಸಿಲಿ ಹುಟ್ಟಿರಬೇಕು. 1485ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದ ‘ಕ್ಯೂಖೆನ್‌ಮೈಸ್ಟೆರೈ’ ಎಂಬ ಅಡುಗೆ ಪುಸ್ತಕದಲ್ಲೇ ಹೂರಣದ ಕ್ರಾಪ್ಫೆನ್ ಇದೆ.

ಆ ಕಾಲದಲ್ಲಿ ಸಕ್ಕರೆ ಉಳ್ಳವರ ಸೊತ್ತು. ಮಾಂಸ, ಅಣಬೆ, ಗಿಣ್ಣು ತುಂಬುತ್ತಿದ್ದುದೂ ಉಂಟು. ಕೆರಿಬಿಯನ್ ತೋಟಗಳ ಸಕ್ಕರೆ, ಗುಲಾಮರ ಬೆವರಿನ ಸಕ್ಕರೆ, ಯುರೋಪಿಗೆ ಹರಿದ ಮೇಲೆ ಹಣ್ಣಿನ ಜಾಮು ಒಳಗೆ ಸೇರಿತು. ಹಿಟ್ಟಿನ ಎರಡು ಬಿಲ್ಲೆಗಳ ನಡುವೆ ಜಾಮಿಟ್ಟು, ಅಂಚಿಗೆ ಮೊಟ್ಟೆಯ ಬಿಳಿ ಸವರಿ ಒತ್ತಿ ಕರಿಯುವುದು ಹಳೆಯ ಪದ್ಧತಿ. ಅಂದರೆ ನಮ್ಮ ಅಜ್ಜಿಯರ ಪದ್ಧತಿಯೇ: ಹೂರಣ ಮೊದಲು, ಎಣ್ಣೆ ಆಮೇಲೆ. ಜಾಮು ಗಟ್ಟಿ, ಹಾಗಾಗಿ ನಡೆಯಿತು. ಹಾಲಿನ ಕ್ರೀಮಿಗೆ ಆ ದಾರಿ ಒಗ್ಗುವುದಿಲ್ಲ. ಕ್ರಮವನ್ನು ತಲೆಕೆಳಗು ಮಾಡಲೇಬೇಕು. ನನ್ನ ಮಟ್ಟಿಗೆ ನಿಜವಾದ ಆವಿಷ್ಕಾರ ಈ ತೂತು. ಅದನ್ನು ಮೊದಲು ಕೊರೆದ ಕೈಗೆ ಹೆಸರಿಲ್ಲ, ಸಿಟ್ಟಿನ ಸೆಸಿಲಿಗೆ ಮಾತ್ರ ಹೆಸರುಂಟು!

ಇನ್ನು ಆಲ್ಪ್ಸ್ ದಾಟಿದ ಸಂಗತಿ. 1737ರಲ್ಲಿ ಮೆದಿಚಿ ವಂಶದ ಕೊನೆಯ ದೊರೆ ತೀರಿಕೊಂಡಾಗ ಟಸ್ಕನಿ ಸೀಮೆ ಆಸ್ಟ್ರಿಯಾದ ಮರಿಯಾ ತೆರೇಸಾಳ ಗಂಡ ಫ್ರಾನ್ಸಿಸ್ ಸ್ಟೀಫನ್ ಕೈಗೆ ಬಂತು. ನೆಪೋಲಿಯನ್ನನ ನಡುಗಾಲ ಬಿಟ್ಟರೆ 1859ರವರೆಗೆ ಆ ಮನೆತನದ್ದೇ ಆಳ್ವಿಕೆ. ಅರಮನೆಯ ಜೊತೆ ಅಡುಗೆಮನೆಯೂ ಬಂತೆಂದು ಅಲ್ಲಿನವರ ನಂಬಿಕೆ. ಇದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ; ಹೆಸರುಗಳೇ ಸಾಕ್ಷಿಗೆ ನಿಂತಿವೆ. 1891ರಲ್ಲಿ ಫ್ಲಾರೆನ್ಸ್‌ನಲ್ಲಿ ತನ್ನದೇ ಖರ್ಚಿನಲ್ಲಿ ಅಡುಗೆ ಪುಸ್ತಕ ಅಚ್ಚು ಹಾಕಿಸಿದ ಪೆಲ್ಲೆಗ್ರಿನೊ ಅರ್ತೂಸಿ ಆ ಪುಸ್ತಕದಲ್ಲಿ ಕ್ರಾಪ್ಫೆನ್ ಎಂಬ ಜರ್ಮನ್ ಹೆಸರನ್ನೇ ಉಳಿಸಿಕೊಂಡ. 1707ರಿಂದ 1734ರವರೆಗೆ ಆಸ್ಟ್ರಿಯನ್ನರು ಆಳಿದ ನೇಪಲ್ಸ್‌ನಲ್ಲಿ ಅದೇ ಪದ ಸವೆದು ‘ಗ್ರಾಫ್ಫಾ’ ಆಯಿತು. ಅಲ್ಲಿ ಹಿಟ್ಟಿಗೆ ಬೇಯಿಸಿದ ಆಲೂಗಡ್ಡೆ ಬೆರೆಸಿ ಬಳೆಯಂತೆ ಕರಿಯುತ್ತಾರೆ. ಟಸ್ಕನಿಯ ಜನ ಮಾತ್ರ ಜರ್ಮನ್ ಹೆಸರಿಗೆ ನಾಲಿಗೆ ಹೊರಳಿಸುವ ಗೋಜಿಗೆ ಹೋಗದೆ, ಆಕಾರ ನೋಡಿ ‘ಬೊಂಬಾ’ ಅಂದರು. ಬೊಂಬಾ ಎಂದರೆ ಬಾಂಬು, ಬೊಂಬೊಲೋನೆ ಅದರಿಂದ ಹುಟ್ಟಿದ ಹೆಸರು.

ಹೆಸರಿಟ್ಟವರದ್ದು ತಪ್ಪಿಲ್ಲ ಎನ್ನುವುದಕ್ಕೆ ನನ್ನ ಶಾಲೇ ಪುರಾವೆ.

“ಇನ್ನೊಂದು ಹೇಳಲಾ ಚಿಕ್ಕಮ್ಮ?” ಎಂದಳು ಹುಡುಗಿ. “ಖಾಲಿದೂ ಸಿಗುತ್ತೆ, ಬರೀ ಸಕ್ಕರೆ ಹಚ್ಚಿದ್ದು. ಮೈಮೇಲೆ ಬೀಳೋ ಭಯ ಇಲ್ಲ.”

ತುಂಬಿದ್ದನ್ನೇ ತರಿಸಿದೆ. ಈ ಸಲ ಶಾಲು ತೆಗೆದು ಅವಳ ಕೈಗೆ ಕೊಟ್ಟು, ತೂತನ್ನು ಬಾಯಿಯ ಕಡೆಗೆ ತಿರುಗಿಸಿಕೊಂಡೆ.