ಬೆನ್ನು ತಿರುಗಿಸದ ಪಾಠ: ಬೆಳಗುವ ಗಾಜಿನ ಹಲಗೆ

ಕರಿಹಲಗೆಯ ಮೇಲೆ ಪಾಠ ಮಾಡುವ ಉಪಾಧ್ಯಾಯರಿಗೆ ಒಂದು ಹಳೆಯ ತೊಡಕಿದೆ. ಬರೆಯಬೇಕಾದರೆ ವಿದ್ಯಾರ್ಥಿಗಳಿಗೆ ಬೆನ್ನು ತಿರುಗಿಸಬೇಕು. ವಿದ್ಯಾರ್ಥಿಗಳ ಮುಖ ನೋಡಬೇಕಾದರೆ ಬರೆಯುವುದನ್ನು ನಿಲ್ಲಿಸಬೇಕು. ತರಗತಿಯಲ್ಲಿ ಇದು ಅಷ್ಟಾಗಿ ಬಾಧಿಸುವುದಿಲ್ಲ. ಅರ್ಥವಾಗದಿದ್ದರೆ ಎದ್ದು ನಿಂತು "ಸಾರ್, ಇನ್ನೊಂದು ಸಲ ಹೇಳಿ" ಎನ್ನಬಹುದು. ಆದರೆ ಪಾಠವು ದೂರದರ್ಶನದ ಪರದೆಯ ಮೇಲೋ ಮೊಬೈಲ್ ಫೋನಿನಲ್ಲೋ ಬರುವಾಗ ಹಾಗೆ ಕೇಳುವ ಅವಕಾಶವಿಲ್ಲ.

ಈ ತೊಡಕಿಗೆ ಬೆಳಕಿನ ಒಂದು ಸರಳ ನಿಯಮದಿಂದಲೇ ಪರಿಹಾರ ದೊರೆತಿದೆ. ಉಪಾಧ್ಯಾಯರು ದೊಡ್ಡದೊಂದು ಗಾಜಿನ ಹಿಂದೆ ನಿಲ್ಲುತ್ತಾರೆ. ಗಾಜಿನ ಆಚೆ ಬದಿಯಲ್ಲಿ ಕ್ಯಾಮೆರಾ ಇರುತ್ತದೆ. ಗಾಜಿನ ಅಂಚುಗಳಿಗೆ ಎಲ್‌ಇಡಿ ದೀಪದ ಪಟ್ಟಿ ಅಂಟಿಸಿರುತ್ತಾರೆ. ಅವರು ಹೊಳೆಯುವ ಬಣ್ಣದ ಮಾರ್ಕರಿನಿಂದ ಗಾಜಿನ ಮೇಲೆ ಬರೆದಂತೆಲ್ಲ ಅಕ್ಷರಗಳು ಕತ್ತಲೆಯಲ್ಲಿ ಉರಿಯುವಂತೆ ಕಾಣುತ್ತವೆ. ಬರೆಯುವ ಕೈ, ಮಾತನಾಡುವ ತುಟಿ, ನಮ್ಮನ್ನೇ ನೋಡುವ ಕಣ್ಣು ಎಲ್ಲವೂ ಒಟ್ಟಿಗೆ ಗೋಚರಿಸುತ್ತವೆ. ಇದಕ್ಕೆ 'ಲೈಟ್‌ಬೋರ್ಡ್' ಎಂದು ಹೆಸರು. ನಾವು ಬೆಳಕಿನ ಹಲಗೆ ಎಂದು ಕರೆಯೋಣ.

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾದ ಮೈಕೆಲ್ ಪೆಶ್ಕಿನ್ ಅವರು 2013ರ ಸುಮಾರಿಗೆ ಇದನ್ನು ರೂಪಿಸಿದರು. ಅದನ್ನು ಕಟ್ಟುವ ವಿಧಾನವನ್ನು ಯಾರು ಬೇಕಾದರೂ ಬಳಸಿಕೊಳ್ಳುವಂತೆ ಬಹಿರಂಗಪಡಿಸಿದರು. ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಸ್ಯಾನ್ ಡಿಯಾಗೊ ರಾಜ್ಯ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಮ್ಯಾಟ್ ಆಂಡರ್ಸನ್ ಅವರೂ ಇಂಥದೇ ಗಾಜನ್ನು ಪಾಠಕ್ಕೆ ಬಳಸಿದರು. ಗಾಜಿನ ಮೇಲೆ ಬರೆಯುವುದೇನೂ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದ ನೌಕೆಗಳಲ್ಲಿ ಅಂಚಿನಿಂದ ಬೆಳಗಿಸಿದ ಪಾರದರ್ಶಕ ಫಲಕದ ಹಿಂದೆ ನಿಂತ ನಾವಿಕರು ಶತ್ರು ವಿಮಾನಗಳ ಚಲನೆಯನ್ನು ಹಿಮ್ಮುಖ ಅಕ್ಷರಗಳಲ್ಲಿ ಗುರುತಿಸುತ್ತಿದ್ದರು.

ಗಾಜಿನೊಳಗೆ ಸೆರೆಯಾದ ಬೆಳಕು

ಅಂಚಿನಿಂದ ಒಳಹೊಕ್ಕ ಬೆಳಕು ಗಾಜಿನ ಮುಖದಿಂದ ಹೊರಗೆ ಏಕೆ ಸೋರುವುದಿಲ್ಲ? ಹತ್ತನೆಯ ತರಗತಿಯಲ್ಲಿ ಓದಿದ ವಕ್ರೀಭವನವನ್ನು ನೆನಪಿಗೆ ತಂದುಕೊಳ್ಳಿ. ಗಾಜಿನಿಂದ ಗಾಳಿಗೆ ಹೋಗುವ ಕಿರಣ ಲಂಬದಿಂದ ದೂರಕ್ಕೆ ಬಾಗುತ್ತದೆ. ಒಳಗಿನ ಕೋನ ಹೆಚ್ಚುತ್ತ ಹೋದರೆ, ಒಂದು ಹಂತದಲ್ಲಿ ಕಿರಣ ಹೊರಬರುವುದೇ ಇಲ್ಲ. ಪೂರ್ತಿಯಾಗಿ ಒಳಕ್ಕೇ ಮರಳುತ್ತದೆ. ಇದೇ ಸಂಪೂರ್ಣ ಆಂತರಿಕ ಪ್ರತಿಫಲನ. ಆ ಹಂತದ ಕೋನವೇ ಕ್ರಾಂತಿಕ ಕೋನ. ಗಾಜಿನ ವಕ್ರೀಭವನ ಸೂಚ್ಯಂಕ 1.5 ಎಂದಾದರೆ ಕ್ರಾಂತಿಕ ಕೋನ ಸುಮಾರು 42 ಡಿಗ್ರಿ.

ಈಗ ಒಂದು ಚಿಕ್ಕ ಲೆಕ್ಕ ಮಾಡಿ. ಎಲ್‌ಇಡಿಯ ಬೆಳಕು ಅಂಚಿನ ಮೂಲಕ ಯಾವ ದಿಕ್ಕಿನಿಂದ ಹೊಕ್ಕರೂ, ಗಾಳಿಯಿಂದ ಗಾಜಿಗೆ ಬರುವಾಗ ಬಾಗುವುದರಿಂದ, ಅಂಚಿನ ಲಂಬರೇಖೆಯಿಂದ 42 ಡಿಗ್ರಿಗಿಂತ ಹೆಚ್ಚು ಓರೆಯಾಗಲಾರದು. ಗಾಜಿನ ಅಗಲವಾದ ಮುಖವು ಅಂಚಿಗೆ ಲಂಬವಾಗಿದೆ. ಆದ್ದರಿಂದ ಅದೇ ಕಿರಣ ಮುಖವನ್ನು ತಾಗುವಾಗ ಅದರ ಕೋನ 90ರಿಂದ 42 ಕಳೆದರೆ ಉಳಿಯುವ 48 ಡಿಗ್ರಿಗಿಂತ ಕಡಿಮೆಯಾಗಲಾರದು. 48 ಎಂಬುದು 42ಕ್ಕಿಂತ ದೊಡ್ಡದು. ಹೀಗಾಗಿ ಬೆಳಕಿಗೆ ಮುಖದ ದಾರಿ ಮುಚ್ಚಿಹೋಗುತ್ತದೆ. ಅದು ಒಂದು ಮುಖದಿಂದ ಇನ್ನೊಂದಕ್ಕೆ ಚಿಮ್ಮುತ್ತ ಎದುರಿನ ಅಂಚಿನವರೆಗೆ ಸಾಗುತ್ತದೆ.

ಮಾರ್ಕರಿನ ಮಸಿ ಗಾಜಿಗೆ ಅಂಟಿದಾಗ ಆ ಜಾಗದಲ್ಲಿ ಗಾಜಿನ ಆಚೆ ಗಾಳಿ ಇರುವುದಿಲ್ಲ, ಮಸಿ ಇರುತ್ತದೆ. ಸೆರೆಯಾಗಿದ್ದ ಬೆಳಕು ಅಲ್ಲಿ ಮಸಿಯೊಳಕ್ಕೆ ನುಗ್ಗಿ, ಬಣ್ಣದ ಕಣಗಳಿಗೆ ಬಡಿದು ಎಲ್ಲ ದಿಕ್ಕಿಗೂ ಚೆದರುತ್ತದೆ. ಮಸಿಯಲ್ಲಿ ಪ್ರತಿದೀಪ್ತಿಯ ಗುಣವಿದ್ದರೆ ಎಲ್‌ಇಡಿಯ ನೀಲಿ ಬೆಳಕನ್ನು ಹೀರಿಕೊಂಡು ಹಸಿರು, ಹಳದಿ, ಕಿತ್ತಳೆ ಬಣ್ಣಗಳಾಗಿ ಹೊರಚೆಲ್ಲುತ್ತದೆ. ಬರೆದ ಗೆರೆ ಮಾತ್ರ ಬೆಳಗಿ, ಉಳಿದ ಗಾಜು ಇಲ್ಲವೇ ಇಲ್ಲವೆಂಬಂತೆ ಕಾಣುವುದು ಇದರಿಂದ. ಬೆರಳಿನ ಜಿಡ್ಡು, ಧೂಳು, ಗೀರು ಸಹ ಇದೇ ಕಾರಣಕ್ಕೆ ಹೊಳೆಯುತ್ತವೆ. ಆದ್ದರಿಂದ ಪ್ರತಿ ಪಾಠಕ್ಕೂ ಮೊದಲು ಗಾಜನ್ನು ಚೆನ್ನಾಗಿ ಒರೆಸಲೇಬೇಕು.

ಸಾಮಾನ್ಯ ಕಿಟಕಿ ಗಾಜಿನ ಅಂಚನ್ನು ನೋಡಿದರೆ ಹಸಿರಾಗಿ ಕಾಣುತ್ತದೆ. ಅದರಲ್ಲಿರುವ ಕಬ್ಬಿಣದ ಅಂಶವೇ ಇದಕ್ಕೆ ಕಾರಣ. ಅದು ದೂರ ಸಾಗುವ ಬೆಳಕನ್ನು ಸ್ವಲ್ಪ ಸ್ವಲ್ಪವೇ ಹೀರುತ್ತದೆ. ಹಾಗಾಗಿ ದೊಡ್ಡ ಹಲಗೆಗೆ ಕಬ್ಬಿಣಾಂಶ ಕಡಿಮೆ ಇರುವ, ಗಡುಸುಗೊಳಿಸಿದ ಗಾಜನ್ನು ಆರಿಸುತ್ತಾರೆ. 4 ಅಡಿ ಎತ್ತರ, 6 ಅಡಿ ಉದ್ದ, 10 ಮಿಲಿಮೀಟರ್ ದಪ್ಪದ ಗಾಜು ಸುಮಾರು 56 ಕಿಲೋಗ್ರಾಂ ತೂಗುತ್ತದೆ. ಅದಕ್ಕೆ ಭದ್ರವಾದ ಚೌಕಟ್ಟು ಬೇಕು. ಗಡುಸುಗೊಳಿಸಿದ ಮೇಲೆ ಗಾಜನ್ನು ಕತ್ತರಿಸಲು ಬರುವುದಿಲ್ಲ. ಅಳತೆ, ಅಂಚಿನ ಉಜ್ಜುವಿಕೆ ಎಲ್ಲವೂ ಮೊದಲೇ ಮುಗಿದಿರಬೇಕು. ಸಣ್ಣ ಪ್ರಯೋಗಕ್ಕೆ ಅಕ್ರಿಲಿಕ್ ಹಾಳೆ ಸಾಕು, ಆದರೆ ಅದರ ಮೇಲೆ ಬೇಗ ಗೀರು ಬೀಳುತ್ತದೆ.

ಎಡ ಬಲದ ಗೊಂದಲ

ಗಾಜಿನ ಹಿಂದಿನಿಂದ ಬರೆದರೆ ಕ್ಯಾಮೆರಾಕ್ಕೆ ಅಕ್ಷರಗಳು ತಿರುಗುಮುರುಗಾಗಿ ಕಾಣಬೇಕಲ್ಲವೇ? ನಮ್ಮ ಜಿಲ್ಲೆಯ ನಕ್ಷೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಉಪಾಧ್ಯಾಯರು ಗಾಜಿನ ನಡುವೆ ಕೋಲಾರವನ್ನು ಗುರುತಿಸುತ್ತಾರೆ. ಉತ್ತರಕ್ಕೆ, ಅಂದರೆ ಮೇಲೆ, ಶ್ರೀನಿವಾಸಪುರ. ಪೂರ್ವಕ್ಕೆ, ತಮ್ಮ ಬಲಗಡೆ, ಮುಳಬಾಗಿಲು. ನೈಋತ್ಯಕ್ಕೆ, ಕೆಳಗೆ ಎಡಗಡೆ, ಮಾಲೂರು. ಎದುರಿನಿಂದ ನೋಡುವ ಕ್ಯಾಮೆರಾಕ್ಕೆ ಮುಳಬಾಗಿಲು ಎಡಕ್ಕೆ, ಮಾಲೂರು ಬಲಕ್ಕೆ ಕಾಣುತ್ತದೆ. ಊರಿನ ಹೆಸರುಗಳೂ ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿರುತ್ತವೆ.

ಇದಕ್ಕೆ ಉಪಾಯ ಎರಡು. ಚಿತ್ರೀಕರಣವಾದ ಮೇಲೆ ಸಂಕಲನದ ತಂತ್ರಾಂಶದಲ್ಲಿ ಇಡೀ ದೃಶ್ಯವನ್ನು ಎಡದಿಂದ ಬಲಕ್ಕೆ ಮಗುಚಬಹುದು. ಇಲ್ಲವೇ ಕ್ಯಾಮೆರಾವನ್ನು ನೇರವಾಗಿ ಗಾಜಿನತ್ತ ಇಡದೆ, 45 ಡಿಗ್ರಿ ಓರೆಯಲ್ಲಿಟ್ಟ ಕನ್ನಡಿಯ ಬಿಂಬವನ್ನು ಸೆರೆಹಿಡಿಯಬಹುದು. ಒಮ್ಮೆ ತಿರುಗಿದ್ದು ಮತ್ತೊಮ್ಮೆ ತಿರುಗಿ ನೇರವಾಗುತ್ತದೆ. ಉಪಾಧ್ಯಾಯರು ಎಂದಿನಂತೆ ಬರೆದರೆ ಸಾಕು. ಉಲ್ಟಾ ಬರೆಯುವ ಅಭ್ಯಾಸ ಬೇಕಿಲ್ಲ.

ಆದರೆ ದೃಶ್ಯವನ್ನು ಮಗುಚಿದಾಗ ಮನುಷ್ಯರೂ ಮಗುಚಿಕೊಳ್ಳುತ್ತಾರೆ ಎಂಬುದನ್ನು ಗಮನಿಸಿ. ಬಲಗೈಯವರು ಎಡಗೈಯವರಾಗಿ ಕಾಣುತ್ತಾರೆ. ಸೀರೆಯ ಸೆರಗು ಎಡ ಹೆಗಲಿನಿಂದ ಬಲ ಹೆಗಲಿಗೆ ಬರುತ್ತದೆ. ಅಂಗಿಯ ಮೇಲೆ ಅಕ್ಷರಗಳಿದ್ದರೆ ಓದಲಾಗುವುದಿಲ್ಲ. ಇವೆಲ್ಲ ಸಣ್ಣ ಸಂಗತಿಗಳು. ದೊಡ್ಡ ಅಪಾಯ ಭೌತವಿಜ್ಞಾನದ ಪಾಠದಲ್ಲಿದೆ. ಫ್ಲೆಮಿಂಗ್‌ನ ಎಡಗೈ ನಿಯಮವನ್ನು ಉಪಾಧ್ಯಾಯರು ಎಡಗೈಯಿಂದಲೇ ತೋರಿಸಿದರೆ ಪರದೆಯ ಮೇಲೆ ಅದು ಬಲಗೈ ಆಗಿಬಿಡುತ್ತದೆ. ವಿದ್ಯಾರ್ಥಿ ಬಲದ ದಿಕ್ಕನ್ನು ತಪ್ಪಾಗಿ ಕಲಿಯುತ್ತಾನೆ. ಬೆಳಕಿನ ಹಲಗೆಯ ಹಿಂದೆ ಈ ನಿಯಮವನ್ನು ಬಲಗೈಯಿಂದ ತೋರಿಸಬೇಕು.

ಚಿತ್ರೀಕರಣದ ಕೊಠಡಿ

ಕೊಠಡಿ ಕತ್ತಲಾಗಿರಬೇಕು. ಉಪಾಧ್ಯಾಯರ ಹಿಂದೆ ಹೊಳಪಿಲ್ಲದ ಕಪ್ಪು ಪರದೆ ಇರಬೇಕು. ಮುಖಕ್ಕೆ ಬೆಳಕು ಎರಡು ಪಕ್ಕಗಳಿಂದ ಬೀಳಲಿ. ಎದುರಿನಿಂದ ಬಿದ್ದರೆ ದೀಪದ ಪ್ರತಿಬಿಂಬ ಗಾಜಿನಲ್ಲಿ ಕಾಣುತ್ತದೆ. ಕ್ಯಾಮೆರಾದ ಬಿಂಬವೂ ಕಾಣದಂತೆ ಅದನ್ನು ಕಪ್ಪು ಬಟ್ಟೆಯ ಹಿಂದಿಟ್ಟು ಮಸೂರಕ್ಕೆ ಮಾತ್ರ ಕಿಂಡಿ ಬಿಡುವುದು ವಾಡಿಕೆ. ಕಡುನೀಲಿ, ಕಂದು ಬಣ್ಣದ ಉಡುಪು ಒಳ್ಳೆಯದು. ಪೂರ್ತಿ ಕಪ್ಪು ಉಟ್ಟರೆ ದೇಹವೇ ಮಾಯವಾಗಿ ತಲೆ ಮತ್ತು ಕೈ ಮಾತ್ರ ತೇಲಿದಂತೆ ಕಾಣುತ್ತವೆ.

ಫೋನಿನಿಂದ ಚಿತ್ರೀಕರಿಸುವುದಾದರೆ ಫೋಕಸ್ ಮತ್ತು ಬೆಳಕಿನ ಮಟ್ಟವನ್ನು ಮೊದಲೇ ಸ್ಥಿರಗೊಳಿಸಿ. ಇಲ್ಲವಾದರೆ ಅದು ಅಕ್ಷರವನ್ನು ನೋಡಲೋ ಮುಖವನ್ನು ನೋಡಲೋ ಎಂದು ತಡಕಾಡುತ್ತಿರುತ್ತದೆ. ಮೈಕ್ ಎದೆಯ ಹತ್ತಿರವಿರಲಿ. ಫ್ಯಾನ್ ಸದ್ದು ಬೇಡ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮುಚ್ಚಿದ ಕೊಠಡಿಯೊಳಗೆ ಫ್ಯಾನ್ ಇಲ್ಲದೆ ಬಹಳ ಹೊತ್ತು ನಿಲ್ಲಲಾಗದು. ಆದ್ದರಿಂದ ಐದೈದು ನಿಮಿಷದ ತುಂಡುಗಳಾಗಿ ಪಾಠ ಮಾಡುವುದು ಇಬ್ಬರಿಗೂ ಹಿತ.

ಕನ್ನಡ ಅಕ್ಷರಕ್ಕೆ ಹೆಚ್ಚು ಜಾಗ ಬೇಕೆಂಬುದನ್ನು ಮರೆಯಬಾರದು. ನಮ್ಮ ಅಕ್ಷರಗಳು ದುಂಡಗಿನವು. ದಪ್ಪ ಮಾರ್ಕರಿನಿಂದ ಚಿಕ್ಕದಾಗಿ ಬರೆದರೆ ಒಳಗಿನ ಸುಳಿಗಳು ತುಂಬಿ ಕೂಡಿಕೊಳ್ಳುತ್ತವೆ. ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಅಂತರ ಬಿಡಬೇಕು. ಅಂಗೈಯಗಲದ ಪರದೆಯಲ್ಲಿ ಇದನ್ನು ನೋಡುವವರಿದ್ದಾರೆ ಎಂಬ ಎಚ್ಚರದಿಂದ ಒಂದು ಸಲಕ್ಕೆ ನಾಲ್ಕೈದು ಸಾಲು ಬರೆದರೆ ಸಾಕು.

ನಮ್ಮ ಜಿಲ್ಲೆಗೆ ಇದು ಏಕೆ ಬೇಕು?

ಪರದೆಯ ಮೂಲಕ ಪಾಠ ಹೇಳುವುದು ಕರ್ನಾಟಕಕ್ಕೆ ಹೊಸದಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲಪಿದವು. ನಮ್ಮ ರಾಜ್ಯದಿಂದ ಆಯ್ಕೆಯಾಗಿದ್ದವು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಪಾಠಗಳು ಪ್ರಸಾರವಾದವು. ಪಾಠವನ್ನು ದೂರಕ್ಕೆ ಮುಟ್ಟಿಸುವ ದಾರಿಗಳು ಹೀಗೆ ಒಂದೊಂದಾಗಿ ತೆರೆದುಕೊಂಡಿವೆ. ಮುಟ್ಟಿದ ಪಾಠ ಅರ್ಥವಾಗುವುದು ಹೇಗೆ ಎಂಬುದೇ ಈಗಿನ ಪ್ರಶ್ನೆ.

ಮುಳಬಾಗಿಲು, ಶ್ರೀನಿವಾಸಪುರಗಳ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು. ಮಾಲೂರಿನ ಗಡಿ ತಮಿಳುನಾಡಿಗೆ ತಾಗಿದೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಕನ್ನಡ, ಕಾಲೇಜಿಗೆ ಕಾಲಿಟ್ಟರೆ ವಿಜ್ಞಾನಕ್ಕೆ ಇಂಗ್ಲಿಷ್. ಗಡಿಯಾಚೆಯ ತೆಲುಗು ಪುಸ್ತಕದಲ್ಲಿ 'ಪರಾವರ್ತನಂ' ಎಂದಿರುವುದೇ ನಮ್ಮ ಪುಸ್ತಕದಲ್ಲಿ 'ಪ್ರತಿಫಲನ', ಮುಂದೆ ಅದೇ 'ರಿಫ್ಲೆಕ್ಷನ್'. ಇಂಥ ವಿದ್ಯಾರ್ಥಿಗೆ ಹೊಸ ಪದವೊಂದು ಕಿವಿಗೆ ಬಿದ್ದರೆ ಸಾಲದು. ಅದನ್ನು ಉಚ್ಚರಿಸುವ ತುಟಿ ಕಾಣಬೇಕು, ಅದೇ ಗಳಿಗೆಯಲ್ಲಿ ಅದರ ಅಕ್ಷರರೂಪ ಕಾಣಬೇಕು, ಯಾವ ಗೆರೆಯನ್ನು ಕುರಿತು ಹೇಳುತ್ತಿದ್ದಾರೆಂಬುದು ಕಣ್ಣು ಮತ್ತು ಬೆರಳಿನಿಂದ ತಿಳಿಯಬೇಕು. ಬೆನ್ನು ತಿರುಗಿಸಿ ಹೇಳಿದ ಪದ ಇವರಿಗೆ ಇತರರಿಗಿಂತ ಹೆಚ್ಚು ನಷ್ಟ ಉಂಟುಮಾಡುತ್ತದೆ. ಬೆಳಕಿನ ಹಲಗೆಯ ನಿಜವಾದ ಉಪಯೋಗ ಅದರ ಥಳಕಿನಲ್ಲಿಲ್ಲ, ಇಲ್ಲಿದೆ.

ಹಾಗೆಂದು ಗಾಜು ತಾನಾಗಿಯೇ ಪಾಠ ಕಲಿಸುವುದಿಲ್ಲ. ಅಮೆರಿಕದ ಆಂಡ್ರ್ಯೂ ಸ್ಟಲ್, ರಿಚರ್ಡ್ ಮೇಯರ್ ಮೊದಲಾದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾರದರ್ಶಕ ಹಲಗೆಯ ಪಾಠ ನೋಡಿದವರು ತಕ್ಷಣದ ಪರೀಕ್ಷೆಯಲ್ಲಿ ಮುಂದಿದ್ದರು. ದಿನ ಕಳೆದು ನಡೆಸಿದ ಪರೀಕ್ಷೆಯಲ್ಲಿ ಆ ಅಂತರ ಉಳಿಯಲಿಲ್ಲ. ಚೆನ್ನಾಗಿ ಕಂಡ ಪಾಠವನ್ನೂ ಮತ್ತೆ ಬರೆದು, ಲೆಕ್ಕ ಬಿಡಿಸಿ, ಬೇರೆಯವರಿಗೆ ಹೇಳಿ ಗಟ್ಟಿಮಾಡಿಕೊಳ್ಳಬೇಕು. ಉಪಾಧ್ಯಾಯರಿಲ್ಲದ ಶಾಲೆಗೆ ಉಪಾಧ್ಯಾಯರೇ ಬೇಕು. ವೀಡಿಯೋ ಅವರ ಸ್ಥಾನ ತುಂಬಲಾರದು.

ಮಾಡಿ ನೋಡಿ

ಮೊದಲು ಬೆಳಕಿನ ನಿಯಮವನ್ನು ಕಣ್ಣಾರೆ ಕಾಣಿ. ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯ ಕೆಳಭಾಗದಲ್ಲಿ ಸಣ್ಣ ರಂಧ್ರ ಮಾಡಿ ನೀರು ತುಂಬಿ. ಕತ್ತಲೆ ಕೋಣೆಯಲ್ಲಿ ರಂಧ್ರದ ಎದುರು ಬದಿಯಿಂದ ಟಾರ್ಚ್ ಹಿಡಿಯಿರಿ. ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕೂ ಬಾಗಿ ಇಳಿಯುತ್ತದೆ. ಧಾರೆಗೆ ಬೆರಳು ಒಡ್ಡಿ, ಬೆರಳು ಬೆಳಗುತ್ತದೆ. ಗಾಜಿನ ಮೇಲಿನ ಮಸಿಯೂ ಹೀಗೆಯೇ ಬೆಳಗುತ್ತದೆ.

ನಂತರ ನಾಲ್ಕೈದು ಜನ ಸೇರಿ, ಉಪಾಧ್ಯಾಯರ ಮಾರ್ಗದರ್ಶನದಲ್ಲಿ, ಅಂಚು ಉಜ್ಜಿದ 2 ಅಡಿ ಅಗಲ, 3 ಅಡಿ ಉದ್ದದ ಅಕ್ರಿಲಿಕ್ ಹಾಳೆಗೆ ಎಲ್‌ಇಡಿ ಪಟ್ಟಿ ಅಂಟಿಸಿ ಚಿಕ್ಕ ಹಲಗೆ ಮಾಡಿ. ಪಟ್ಟಿಯನ್ನು 12 ವೋಲ್ಟ್ ಅಡಾಪ್ಟರಿಗೆ ಮಾತ್ರ ಜೋಡಿಸಿ, ಮನೆಯ ವಿದ್ಯುತ್ತಿಗೆ ನೇರವಾಗಿ ಜೋಡಿಸಬೇಡಿ. ಕಳೆದ ವರ್ಷ ನಿಮಗೆ ಕಷ್ಟವೆನಿಸಿದ ಒಂದು ಪಾಠವನ್ನು ಆರಿಸಿಕೊಂಡು ಐದು ನಿಮಿಷದಲ್ಲಿ ವಿವರಿಸಿ. ಮನೆಯ ಮಾತಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿ. ಮುಖ್ಯ ಪದಗಳನ್ನು ಪಕ್ಕಪಕ್ಕದಲ್ಲಿ ಬರೆಯಿರಿ. ಅದನ್ನು ಕೆಳಗಿನ ತರಗತಿಯವರಿಗೆ ತೋರಿಸಿ ಎರಡು ಪ್ರಶ್ನೆ ಕೇಳಿ. ಒಂದು ವಾರ ಬಿಟ್ಟು ಅವೇ ಪ್ರಶ್ನೆಗಳನ್ನು ಮತ್ತೆ ಕೇಳಿ. ಎರಡನೆಯ ಸಲವೂ ಸರಿಯುತ್ತರ ಬಂದರೆ ನಿಮ್ಮ ಪಾಠ ಮುಟ್ಟಿದೆ ಎಂದು ತಿಳಿಯಿರಿ.