ಮುಟ್ಟು ಮುಂದೂಡುವ ಮಾತ್ರೆ ಮತ್ತು ಮೈಲಿಗೆಯ ಮಾತು

ಶ್ರಾವಣ ಮಾಸ ಬಂದಿತೆಂದರೆ ಅಬ್ಬಿಗೆರೆಯ ನನ್ನ ಚಿಕಿತ್ಸಾಲಯದಲ್ಲಿ ಒಂದು ಬಗೆಯ ಕೋರಿಕೆ ಹೆಚ್ಚುತ್ತದೆ. ವರಮಹಾಲಕ್ಷ್ಮಿ ವ್ರತಕ್ಕೋ ಗೃಹಪ್ರವೇಶಕ್ಕೋ ಮುಟ್ಟು ಅಡ್ಡಬರದಂತೆ ಮಾತ್ರೆ ಬರೆದುಕೊಡಬೇಕೆಂದು ತಾಯಂದಿರು ಕೇಳುತ್ತಾರೆ. ಕಳೆದ ವರ್ಷ ಅಜ್ಜಿಯೊಬ್ಬರು ಪಿಯುಸಿ ಓದುವ ಮೊಮ್ಮಗಳನ್ನು ಕರೆತಂದಿದ್ದರು. ಹುಡುಗಿಗೆ ಮೊದಲಿನಿಂದಲೂ ಅರೆತಲೆನೋವು. ಔಷಧದ ಅಂಗಡಿಯಿಂದ ನೇರವಾಗಿ ಮಾತ್ರೆ ತಂದು ನಾಲ್ಕು ದಿನ ನುಂಗಿಸಿ, ವಾಂತಿ ಮತ್ತು ತಲೆಸುತ್ತು ಕಾಣಿಸಿಕೊಂಡ ಮೇಲೆ ನನ್ನಲ್ಲಿಗೆ ಬಂದಿದ್ದರು. "ಮನೆಯಲ್ಲಿ ಪೂಜೆ ಇತ್ತು ಡಾಕ್ಟ್ರೇ, ಇವಳು ಹೊರಗಾಗಿಬಿಟ್ಟರೆ ಏನು ಮಾಡೋದು?" ಎಂದರು ಅಜ್ಜಿ. ಪೂಜೆಗಾಗಿ ಮನೆಯ ಗಂಡುಮಕ್ಕಳಿಗೆ ಎಂದಾದರೂ ಮಾತ್ರೆ ನುಂಗಿಸಿದ್ದೀರಾ ಎಂದು ಕೇಳಬೇಕೆನಿಸಿತು. ಅವರ ವಯಸ್ಸು ನೋಡಿ ಸುಮ್ಮನಾದೆ. ಅಂದು ಆಡದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು ನಾರ್‌ಎಥಿಸ್ಟೆರಾನ್ ಎಂಬ ಹಾರ್ಮೋನು. ಗರ್ಭಾಶಯದ ಒಳಪದರವು ಕಳಚದಂತೆ ಅದು ತಡೆಹಿಡಿಯುತ್ತದೆ. ಮಾತ್ರೆ ನಿಲ್ಲಿಸಿದ ಕೆಲವು ದಿನಗಳಲ್ಲಿ ಸ್ರಾವ ಆರಂಭವಾಗುತ್ತದೆ. ವೈದ್ಯರು ಪರೀಕ್ಷಿಸಿ ಕೊಟ್ಟಾಗ, ಅಪರೂಪಕ್ಕೊಮ್ಮೆ ಸೇವಿಸಿದರೆ ಬಹುಪಾಲು ಮಹಿಳೆಯರಿಗೆ ಕೇಡಿಲ್ಲ. ಆದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಯಕೃತ್ತಿನ ಕಾಯಿಲೆಯುಳ್ಳವರು, ಗರ್ಭಿಣಿಯರು ಇದನ್ನು ಮುಟ್ಟಬಾರದು. ಅರೆತಲೆನೋವು ಇರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಮಾತ್ರೆ ಸೇವಿಸುವಾಗ ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಉಸಿರಾಟ ಕಷ್ಟವಾಗುವುದು, ಕಣ್ಣು ಮಂಜಾಗುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹಬ್ಬಕ್ಕೊಂದು, ಮದುವೆಗೊಂದು, ಜಾತ್ರೆಗೊಂದು ಎಂದು ವರ್ಷವಿಡೀ ನುಂಗಿಸಿದರೆ ದೇಹದ ಲಯವೇ ಕೆಡುತ್ತದೆ.

ಆಯುರ್ವೇದವೂ ಮೂರು ದಿನ ದೂರವಿರಲು ಹೇಳಿದೆಯಲ್ಲ ಎಂದು ಕೆಲವರು ನನಗೇ ಶಾಸ್ತ್ರ ನೆನಪಿಸುವುದುಂಟು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ರಜಸ್ವಲೆಯ ಚರ್ಯೆ ಇರುವುದು ನಿಜ. ಅದರಲ್ಲಿ ನಾನು ಇಂದು ಒಪ್ಪದ ಮಾತುಗಳೂ ಇವೆ. ಸ್ನಾನ ಮಾಡಬಾರದೆಂಬುದನ್ನು ಯಾರಿಗೂ ನಾನು ಹೇಳುವುದಿಲ್ಲ. ಬೆಚ್ಚನೆಯ ನೀರಿನ ಸ್ನಾನ ಶುಚಿಗೂ ಹೊಟ್ಟೆನೋವಿಗೂ ಒಳ್ಳೆಯದು. ಹಗುರವಾದ ಆಹಾರ ಮತ್ತು ದೇಹಶ್ರಮದಿಂದ ಬಿಡುವು ಎಂಬ ಭಾಗವನ್ನು ಮಾತ್ರ ಈಗಲೂ ಹೇಳುತ್ತೇನೆ. ಅದೇ ಆಯುರ್ವೇದ ಇನ್ನೊಂದು ಮಾತನ್ನೂ ಹೇಳುತ್ತದೆ. ರಸಧಾತುವಿನ ಉಪಧಾತುಗಳು ಎರಡು: ಸ್ತನ್ಯ ಮತ್ತು ಆರ್ತವ. ತಾಯಿಯ ಹಾಲು ಮತ್ತು ಮುಟ್ಟಿನ ರಕ್ತ ಒಂದೇ ಧಾತುವಿನಿಂದ ಹುಟ್ಟಿದವು. ಒಂದನ್ನು ಅಮೃತವೆನ್ನುವ ನಾವು ಮತ್ತೊಂದನ್ನು ಮೈಲಿಗೆ ಎಂದೆವು. ಈ ವಿಂಗಡಣೆ ಶರೀರಶಾಸ್ತ್ರದ್ದಲ್ಲ.

ಮೈಲಿಗೆಯ ಮಾತು ಎಲ್ಲಿಗೆ ಮುಟ್ಟಬಲ್ಲುದು ಎಂಬುದಕ್ಕೆ ಹೆಚ್ಚು ದೂರ ಹೋಗಬೇಕಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹಸಿಬಾಣಂತಿಯನ್ನೂ ಕೂಸನ್ನೂ ಸೂತಕದ ಹೆಸರಿನಲ್ಲಿ ಊರ ಹೊರಗಿನ ಗುಡಿಸಲಿನಲ್ಲಿ ಇರಿಸಲಾಗಿತ್ತು. ಮಳೆಗಾಲದ ಶೀತಕ್ಕೆ ಕೂಸು ಕಾಯಿಲೆ ಬಿದ್ದು ತೀರಿಕೊಂಡಿತು. ನವಜಾತ ಶಿಶುವಿಗೆ ತನ್ನ ಮೈಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಕಡಿಮೆ. ತೂಕ ಕಡಿಮೆಯಿದ್ದರಂತೂ ತಾಯಿಯ ಎದೆಗವಚಿಕೊಂಡು, ಗಾಳಿ ನುಗ್ಗದ ಬೆಚ್ಚನೆಯ ಕೋಣೆಯಲ್ಲೇ ಇರಬೇಕು. ಮುಟ್ಟಾದ ಅಥವಾ ಗರ್ಭಿಣಿಯಾದ ಮಹಿಳೆಯನ್ನು ಬಲವಂತವಾಗಿ ಪ್ರತ್ಯೇಕವಾಗಿರಿಸುವುದನ್ನು ಅಮಾನವೀಯ ಪದ್ಧತಿಗಳನ್ನು ನಿಷೇಧಿಸುವ ಕರ್ನಾಟಕದ 2017ರ ಕಾಯ್ದೆಯು ಅಪರಾಧವೆಂದು ಸಾರಿದೆ. ಅದು 2020ರಿಂದ ಜಾರಿಯಲ್ಲಿದೆ. ಆ ಕೂಸು ಸತ್ತಾಗ ಕಾಯ್ದೆ ಜಾರಿಯಾಗಿ ಮೂರು ವರ್ಷ ಕಳೆದಿತ್ತು.

ಹಟ್ಟಿಯವರನ್ನು ಮೂಢರೆಂದು ಜರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಮೂರನೆಯ ಮಹಡಿಯ ಮನೆಯಲ್ಲಿ ಮೂಲೆಗೊಂದು ಚಾಪೆ, ಬೇರೆಯದೇ ತಟ್ಟೆ ಲೋಟ ಇಟ್ಟವರು ನನ್ನ ರೋಗಿಗಳಲ್ಲೇ ಇದ್ದಾರೆ. ಶರಣರು ಪಂಚಸೂತಕಗಳನ್ನು, ಅವುಗಳಲ್ಲಿ ಜನನಸೂತಕವನ್ನೂ ರಜಸ್ಸೂತಕವನ್ನೂ, ತಳ್ಳಿಹಾಕಿದರೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ತಿಳಿಸಬೇಕಾಗಿಲ್ಲ. ಹಾಗಿದ್ದೂ ಇಷ್ಟಲಿಂಗ ಧರಿಸಿದ ಕುಟುಂಬಗಳಿಂದಲೂ ಮಾತ್ರೆಯ ಕೋರಿಕೆ ಬರುತ್ತದೆ ಎಂಬುದನ್ನು ಸಂಕೋಚದಿಂದಲೇ ಹೇಳುತ್ತೇನೆ.

ಮೂರು ದಿನ ಹೊರಗಿದ್ದರೆ ಹೆಂಗಸಿಗೆ ವಿಶ್ರಾಂತಿಯಾದರೂ ಸಿಗುತ್ತಿತ್ತು ಎಂಬ ವಾದವೂ ಇದೆ. ವಿಶ್ರಾಂತಿ ಕೊಡುವ ಮನಸ್ಸಿದ್ದರೆ ಒಳಮನೆಯ ಮಂಚದಲ್ಲೇ ಕೊಡಬಹುದಲ್ಲ. ಅಡುಗೆಮನೆಗೆ ಬರಬೇಡ ಎನ್ನುವವರೇ ಬಟ್ಟೆ ಒಗೆ, ಅಂಗಳ ಗುಡಿಸು ಎನ್ನುವುದನ್ನು ಕೇಳಿದ್ದೇನೆ. ರಾಜ್ಯ ಸಚಿವ ಸಂಪುಟವು 2025ರಲ್ಲಿ ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದು ದಿನ ವೇತನಸಹಿತ ಋತುಚಕ್ರ ರಜೆಗೆ ಒಪ್ಪಿಗೆ ನೀಡಿದೆ. ಆ ದಿನ ಮನೆಯಲ್ಲಿ ಒಲೆ ಹಚ್ಚುವವರು ಯಾರೆಂಬುದನ್ನು ಗಂಡಸರು ಈಗಲೇ ಯೋಚಿಸಿಟ್ಟುಕೊಳ್ಳಲಿ.

ಇನ್ನು ಊಟದ ವಿಷಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಗಂಡಸರಲ್ಲಿ ಶೇ 19.6. ತಿಂಗಳ ಸ್ರಾವ ಇದಕ್ಕೆ ಒಂದು ಕಾರಣ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದುದನ್ನು ಉಣ್ಣುವುದು ಇನ್ನೊಂದು. ನನ್ನಲ್ಲಿಗೆ ಬಂದ ಆ ಹುಡುಗಿಯ ಹಿಮೋಗ್ಲೋಬಿನ್ 9ಕ್ಕೂ ಕೆಳಗಿತ್ತು. ಮಾತ್ರೆ ನಿಲ್ಲಿಸಿ, ಕಬ್ಬಿಣಾಂಶದ ಔಷಧಿ ಬರೆದು, ರಾಗಿ, ನುಗ್ಗೆಸೊಪ್ಪು, ಮೊಳಕೆ ಕಾಳು, ಜೊತೆಗೆ ನಿಂಬೆ ಅಥವಾ ನೆಲ್ಲಿಕಾಯಿ ಕೊಡಲು ಅಜ್ಜಿಗೆ ಹೇಳಿದೆ. ಊಟವಾದ ಕೂಡಲೇ ಕಾಫಿ, ಟೀ ಬೇಡವೆಂದೆ. ಅವು ಕಬ್ಬಿಣಾಂಶವನ್ನು ಹೀರಿಕೊಳ್ಳಲು ಬಿಡುವುದಿಲ್ಲ.

ಬಟ್ಟೆ ಬಳಸುವವರು ಅದನ್ನು ಮಂಚದ ಕೆಳಗೆ, ಬಚ್ಚಲ ಮರೆಯಲ್ಲಿ ಒಣಗಿಸಬಾರದು. ಸಾಬೂನಿನಿಂದ ಒಗೆದು ಬಿಸಿಲಿಗೇ ಹರವಬೇಕು. ಯಾರಾದರೂ ನೋಡಿದರೆ ನೋಡಲಿ. ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಸ್ರಾವ ಏಳು ದಿನ ಮೀರಿದರೆ, ಗಂಟೆಗೊಂದು ಪ್ಯಾಡ್ ತೊಯ್ದರೆ, ದೊಡ್ಡ ಗಡ್ಡೆಗಳು ಬಿದ್ದರೆ, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ಮನೆಮದ್ದಿನಲ್ಲಿ ಕಾಲ ಕಳೆಯದೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಹುಡುಗಿ ನಾಚಿ ಹೇಳದಿದ್ದರೆ ಮನೆಯವರೇ ವಿಚಾರಿಸಬೇಕು, ತಂದೆಯೂ ಸೇರಿದಂತೆ.